ದೂರದಿಂದ ಕಲಿಸುವ ವಿದ್ಯೆ: ಹಡ್ಸನ್ ತೀರದ ಕನ್ನಡ ತರಗತಿ

ಸ್ಮರಣ ಸಂಚಿಕೆಗಳಲ್ಲಿ ಕೂಟದ ಚರಿತ್ರೆಯೆಂದರೆ ಸಾಮಾನ್ಯವಾಗಿ ಅಧ್ಯಕ್ಷರುಗಳ ಪಟ್ಟಿ, ಆಡಿದ ನಾಟಕಗಳ ಪಟ್ಟಿ, ತಾಯ್ನಾಡಿನಿಂದ ಬಂದುಹೋದ ಅತಿಥಿಗಳ ಪಟ್ಟಿ. ಅವೆಲ್ಲ ಇರಬೇಕಾದವೇ. ಆದರೆ ವಾರವಾರವೂ ನಡೆದು ಯಾವ ಪಟ್ಟಿಗೂ ಸೇರದೆ ಉಳಿಯುವುದು ಮಕ್ಕಳ ಕನ್ನಡ ತರಗತಿ. ಅದಕ್ಕೆ ವೇದಿಕೆಯಿಲ್ಲ, ಹಾರ ತುರಾಯಿಯಿಲ್ಲ. ಹೆಚ್ಚೆಂದರೆ ರಾಜ್ಯೋತ್ಸವದ ದಿನ ಮಕ್ಕಳಿಂದ ಒಂದು ಹಾಡು. 2020ರಿಂದೀಚೆಗೆ ಆ ತರಗತಿಯ ದೊಡ್ಡ ಪಾಲು ಕಂಪ್ಯೂಟರಿನ ತೆರೆಯ ಮೇಲೆಯೇ ನಡೆಯುತ್ತಿದೆ. ಇದು ನಿನ್ನೆ ಮೊನ್ನೆಯ ಸಂಗತಿಯೆಂದು ತೋರಬಹುದು. ಆದರೆ ಇದರ ಬೇರುಗಳನ್ನು ಹುಡುಕಲು ಹೊರಟರೆ ನಾವು ಬಹಳ ದೂರ ಹೋಗಬೇಕಾಗಿಲ್ಲ. ನಾವು ದಿನನಿತ್ಯ ಓಡಾಡುವ ಬೀದಿಗಳ ಆಸುಪಾಸಿನಲ್ಲೇ ಅವು ಸಿಗುತ್ತವೆ.

1927ರ ಏಪ್ರಿಲ್ 7ರಂದು ವಾಷಿಂಗ್ಟನ್ನಿನಲ್ಲಿ ಕುಳಿತ ಹರ್ಬರ್ಟ್ ಹೂವರ್ ಅವರ ಮುಖ ಮತ್ತು ಮಾತು ತಂತಿಯ ಮೂಲಕ ನ್ಯೂಯಾರ್ಕಿನ ಬೆಲ್ ಲ್ಯಾಬ್ಸ್‌ಗೆ ಬಂದು ತಲುಪಿದವು. ಹೂವರ್ ಆಗಿನ್ನೂ ವಾಣಿಜ್ಯ ಸಚಿವರು, ಅಧ್ಯಕ್ಷರಾಗಿರಲಿಲ್ಲ. ಮೂರು ವರ್ಷಗಳ ಬಳಿಕ, 1930ರಲ್ಲಿ, ಮ್ಯಾನ್‌ಹಟನ್ನಿನ ಬ್ರಾಡ್‌ವೇಯ ಒಂದು ಕಟ್ಟಡಕ್ಕೂ ವೆಸ್ಟ್ ಸ್ಟ್ರೀಟಿನ ಬೆಲ್ ಲ್ಯಾಬ್ಸ್‌ಗೂ ನಡುವೆ ಎರಡೂ ಕಡೆಯವರು ಪರಸ್ಪರ ನೋಡುತ್ತ ಮಾತನಾಡುವ ಏರ್ಪಾಡನ್ನು ತೋರಿಸಲಾಯಿತು. ನಡೆದೇ ಹೋಗಬಹುದಾದಷ್ಟು ದೂರ! ಆದರೂ ತತ್ತ್ವ ಸಾಬೀತಾಗಿತ್ತು.

ಸಾಮಾನ್ಯ ಜನ ಈ ಯಂತ್ರವನ್ನು ಕಣ್ಣಾರೆ ಕಂಡದ್ದು 1964ರಲ್ಲಿ, ಕ್ವೀನ್ಸ್‌ನ ಫ್ಲಶಿಂಗ್ ಮೆಡೋಸ್‌ನಲ್ಲಿ ನಡೆದ ವಿಶ್ವ ಮೇಳದಲ್ಲಿ. ಅಲ್ಲಿ ಬೆಲ್ ಕಂಪನಿಯವರ 'ಪಿಕ್ಚರ್‌ಫೋನ್' ಎದುರು ಕುಳಿತವರು ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿದ್ದ ಅಪರಿಚಿತರ ಮುಖ ನೋಡುತ್ತ ಹರಟಿದರು. ಅದೇ ವರ್ಷದ ಜೂನ್‌ನಲ್ಲಿ ನ್ಯೂಯಾರ್ಕಿನ ಗ್ರಾಂಡ್ ಸೆಂಟ್ರಲ್ ನಿಲ್ದಾಣ, ವಾಷಿಂಗ್ಟನ್ ಮತ್ತು ಷಿಕಾಗೋಗಳಲ್ಲಿ ಹಣ ಕೊಟ್ಟು ಬಳಸುವ ಬೂತುಗಳು ತೆರೆದವು. ಮೊದಲ ಮೂರು ನಿಮಿಷಕ್ಕೆ ದೂರಕ್ಕೆ ತಕ್ಕಂತೆ 16ರಿಂದ 27 ಡಾಲರ್. ಮೊದಲೇ ಸಮಯ ಗೊತ್ತುಮಾಡಿಕೊಂಡು ಬರಬೇಕು. 1964ರ ಡಾಲರುಗಳು, ನೆನಪಿರಲಿ. ಜನ ಬರಲಿಲ್ಲ. 1968ರಲ್ಲಿ ಬೂತುಗಳು ಮುಚ್ಚಿಹೋದವು. ಮೇಳ ನಡೆದ ಆ ಬಯಲಿಗೆ ಸಮೀಪದಲ್ಲೇ ಇಂದು ನಾವು ದೋಸೆಯ ನೆಪದಲ್ಲಿ ಹೋಗಿ ಕೈಮುಗಿದು ಬರುವ ಗಣಪತಿ ದೇವಸ್ಥಾನವಿದೆ. ಅದರ ಪ್ರತಿಷ್ಠೆಯಾದದ್ದು 1977ರ ಜುಲೈ 4ರಂದು.

ಈ ಎರಡು ಘಟನೆಗಳ ನಡುವೆಯೇ ನಮ್ಮವರ ಆಗಮನ. 1946ರ ಕಾನೂನಿನಂತೆ ಭಾರತದಿಂದ ವರ್ಷಕ್ಕೆ ನೂರು ಜನ ಮಾತ್ರ ಇಲ್ಲಿ ನೆಲೆಸಲು ಬರಬಹುದಿತ್ತು. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಅವರು ನಮ್ಮ ಬಂದರಿನ ಸ್ವಾತಂತ್ರ್ಯ ದೇವತೆಯ ಪ್ರತಿಮೆಯ ಬುಡದಲ್ಲಿ ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು. ಅದಾದ ಮೇಲೆ ವೈದ್ಯರು, ಎಂಜಿನಿಯರುಗಳು, ಸಂಶೋಧಕರು ಬಂದರು. ಎರಡು ಸೂಟ್‌ಕೇಸು, ಒಂದು ಪ್ರೆಷರ್ ಕುಕ್ಕರು, ಅಮ್ಮ ಕೊಟ್ಟ ಸಾರಿನ ಪುಡಿ. ಊರಿಗೆ ಫೋನ್ ಮಾಡಬೇಕಾದರೆ ಆಪರೇಟರಿಗೆ ಹೇಳಿ ಕಾಯಬೇಕು. ಲೈನು ಸಿಕ್ಕರೆ ಮೂರು ನಿಮಿಷದಲ್ಲಿ ಎರಡು ನಿಮಿಷ 'ಹಲೋ, ಕೇಳಿಸ್ತಿದೆಯಾ?' ಎಂಬುದರಲ್ಲೇ ಮುಗಿಯುತ್ತಿತ್ತು. ಹಾಗಾಗಿ ಎಷ್ಟೋ ಮನೆಗಳಲ್ಲಿ ಕ್ಯಾಸೆಟ್ಟುಗಳ ವಿನಿಮಯ ಶುರುವಾಯಿತು. ಮಗುವಿನ ತೊದಲುಮಾತು ಒಂದು ಬದಿ. ಅಜ್ಜ ಹೇಳಿದ ಕಥೆ, ಅಜ್ಜಿ ಹಾಡಿದ ಜೋಗುಳ ಇನ್ನೊಂದು ಬದಿ. ಊರಿಗೆ ಹೋಗುವವರ ಕೈಯಲ್ಲಿ ಕ್ಯಾಸೆಟ್ಟು ಹೋಗುತ್ತಿತ್ತು, ಬರುವವರ ಕೈಯಲ್ಲಿ ಉತ್ತರ ಬರುತ್ತಿತ್ತು. ನಮ್ಮ ದೂರಶಿಕ್ಷಣದ ಮೊದಲ ಪಾಠಪುಸ್ತಕ ಅದೇ ಎನ್ನಬೇಕು.

ಹಾಗೆ ನೋಡಿದರೆ ದೂರದಿಂದ ಕಲಿಸುವ ಪ್ರಯೋಗಗಳಿಗೆ ಈ ನೆಲದಲ್ಲಿ ಬರವಿರಲಿಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯವೂ ಸಿ.ಬಿ.ಎಸ್. ದೂರದರ್ಶನವೂ ಕೂಡಿ 1957ರಿಂದ 1982ರವರೆಗೆ 'ಸನ್‌ರೈಸ್ ಸೆಮಿಸ್ಟರ್' ಎಂಬ ಪಾಠಮಾಲೆಯನ್ನು ನಡೆಸಿದವು. ಸೂರ್ಯೋದಯದ ಹೊತ್ತಿಗೆ ಪ್ರಾಧ್ಯಾಪಕರು ತೆರೆಯ ಮೇಲೆ ಬಂದು ಪಾಠ ಹೇಳುತ್ತಿದ್ದರು. ಆದರೆ ಕೇಳುವವನಿಗೆ ಸಂಶಯ ಬಂದರೆ ಕೈಯೆತ್ತುವಂತಿರಲಿಲ್ಲ. ಈ ಕೊರತೆಯನ್ನು ತುಂಬಲು ಹೊರಟವರು ನೂಅರ್ಕಿನ ನ್ಯೂಜೆರ್ಸಿ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಮರ್ರೆ ಟೂರಾಫ್ ಮತ್ತು ಸ್ಟಾರ್ ರಾಕ್ಸೆನ್ ಹಿಲ್ಟ್ಸ್. 1970ರ ದಶಕದ ಮಧ್ಯದಲ್ಲಿ ಟೂರಾಫ್ ಕಂಪ್ಯೂಟರುಗಳ ಮೂಲಕ ಜನ ಗುಂಪಾಗಿ ಚರ್ಚಿಸುವ ವ್ಯವಸ್ಥೆಯೊಂದನ್ನು ಕಟ್ಟಿದರು. ಅದರ ಮೇಲೆ 1980ರ ದಶಕದಲ್ಲಿ ಎದ್ದುನಿಂತದ್ದು 'ವರ್ಚುವಲ್ ಕ್ಲಾಸ್‌ರೂಮ್'. ಇಂದು ಲೋಕವೆಲ್ಲ ಬಳಸುವ ಈ ಮಾತು ಬಳಕೆಗೆ ಬಂದದ್ದು ಓಕ್ ಟ್ರೀ ರಸ್ತೆಯಿಂದ ಅರ್ಧ ಗಂಟೆಯ ಪ್ರಯಾಣದಷ್ಟು ದೂರದಲ್ಲಿ. ಅಲ್ಲಿ ಮುಖ ಕಾಣುತ್ತಿರಲಿಲ್ಲ. ಅಕ್ಷರದಲ್ಲಿ ಪ್ರಶ್ನೆ, ಅಕ್ಷರದಲ್ಲಿ ಉತ್ತರ, ಅದೂ ಅವರವರಿಗೆ ಬಿಡುವಾದಾಗ. ಆದರೆ ಕೊನೆಯ ಬೆಂಚಿನ ನಾಚಿಕೆಯ ಹುಡುಗನೂ ಮಾತನಾಡಬಹುದಾದ ತರಗತಿ ಅದು.

ನಮ್ಮ ನಾಡೂ ಹಿಂದೆ ಬಿದ್ದಿರಲಿಲ್ಲವೆಂದು ಮಕ್ಕಳಿಗೆ ಹೇಳಬೇಕು. 1935ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ಸ್ವಂತ ಆಸಕ್ತಿಯಿಂದ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು; ಅದಕ್ಕೆ ಒಪ್ಪಿದ ಹೆಸರು 'ಆಕಾಶವಾಣಿ'. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ನಾಸಾದ ಎ.ಟಿ.ಎಸ್.-6 ಉಪಗ್ರಹ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪಾಠಗಳನ್ನು ಕಳುಹಿಸಿತು. ಅವುಗಳಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳೂ ಇದ್ದವು, ಪಾಠ ಕನ್ನಡದಲ್ಲೇ ಇತ್ತು. ಅಮೆರಿಕದ ಉಪಗ್ರಹ ಕನ್ನಡದಲ್ಲಿ ಪಾಠ ಹೇಳುತ್ತಿದ್ದ ಆ ವರ್ಷ, ಅಮೆರಿಕಕ್ಕೆ ಬಂದಿದ್ದ ನಮ್ಮವರ ಮಕ್ಕಳಿಗೆ ಕನ್ನಡ ಹೇಳಿಕೊಡಲು ಒಂದು ಕಾಗುಣಿತದ ಪುಸ್ತಕ ಸಿಗುವುದೂ ಕಷ್ಟವಾಗಿತ್ತು. ಮುಂದೆ 2004ರಲ್ಲಿ ಭಾರತ ಶಿಕ್ಷಣಕ್ಕೆಂದೇ 'ಎಜುಸ್ಯಾಟ್' ಉಪಗ್ರಹವನ್ನು ಹಾರಿಸಿದಾಗ ಅದನ್ನು ಮೊದಲು ಬಳಸಿದ ಸಂಸ್ಥೆಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು.

ಇನ್ನು ನಮ್ಮ ತರಗತಿಯ ಕಥೆ. ಮೊದಲು ಅದು ಯಾರಾದರೊಬ್ಬರ ಮನೆಯ ಬೇಸ್‌ಮೆಂಟು. ಶನಿವಾರವೋ ಭಾನುವಾರವೋ ಆರೇಳು ಮಕ್ಕಳು. ಮೇಲೆ ಅಡಿಗೆಮನೆಯಲ್ಲಿ ಅಪ್ಪ ಅಮ್ಮಂದಿರ ಕಾಫಿ, ಕೆಳಗೆ 'ಅ' ಅರಸ 'ಆ' ಆನೆ. ಕಲಿಸುವವರಿಗೆ ಗುರುಗಳು ಎಂಬ ಬಿರುದಿಲ್ಲ, 'ಆಂಟಿ' ಅಷ್ಟೆ. ಬಳಿಕ ದೇವಸ್ಥಾನದ ಕೋಣೆ, ಊರಿನ ಗ್ರಂಥಾಲಯದ ಸಭಾಂಗಣ, ಬಾಡಿಗೆಗೆ ಸಿಕ್ಕ ಶಾಲೆಯ ಕ್ಯಾಫಿಟೀರಿಯ. ಪಾಠದ ಹಾಳೆಗಳನ್ನು ಕೈಯಲ್ಲಿ ಬರೆದು ಆಫೀಸಿನ ಜೆರಾಕ್ಸ್ ಯಂತ್ರದಲ್ಲಿ ಪ್ರತಿ ತೆಗೆಯುತ್ತಿದ್ದ ಕಾಲ ಅದು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಹೊರಬಂದಾಗ ನಮಗಾದ ಸಂತೋಷವನ್ನು ಈಗಿನವರಿಗೆ ತಿಳಿಸುವುದು ಕಷ್ಟ. ಇಂಗ್ಲಿಷ್ ಕೀಲಿಗಳನ್ನೇ ಒತ್ತಿದರೆ ತೆರೆಯ ಮೇಲೆ ದುಂಡಗಿನ ಕನ್ನಡ! ಆ ದಿನದಿಂದ ಕೂಟದ ಕರಪತ್ರದ ಜೊತೆಗೆ ಮಕ್ಕಳ ಪಾಠವೂ ಅಚ್ಚಿನ ಅಕ್ಷರಕ್ಕೆ ಬಂತು.

ಹಾಜರಿಯ ಪಾಡು ಮಾತ್ರ ಬೇರೆ. ಲಾಂಗ್ ಐಲೆಂಡಿನವರು ಎರಡು ಸೇತುವೆ ದಾಟಿ, ಎರಡು ಟೋಲು ಕಟ್ಟಿ, ಒಂದು ಗಂಟೆಯ ತರಗತಿಗೆ ಮೂರು ಗಂಟೆ ಕಾರಿನಲ್ಲಿ ಕೂರಬೇಕು. ಸಾಕರ್ ಪಂದ್ಯ, ಹುಟ್ಟುಹಬ್ಬದ ಪಾರ್ಟಿ, ಹಿಮ. ಇವುಗಳಲ್ಲಿ ಒಂದಲ್ಲ ಒಂದು ಅಡ್ಡ ಬರುತ್ತಿತ್ತು. ಹನ್ನೆರಡು ವರ್ಷ ತುಂಬುವ ಹೊತ್ತಿಗೆ ಮಕ್ಕಳು ಒಬ್ಬೊಬ್ಬರಾಗಿ ಜಾರುತ್ತಿದ್ದರು. ತರಗತಿ ಒಂದು ವರ್ಷ ತುಂಬಿ ತುಳುಕಿದರೆ ಮರುವರ್ಷ ಮೂರು ಮಕ್ಕಳಿಗೆ ಇಳಿಯುತ್ತಿತ್ತು.

ಈ ನಡುವೆ ಮುಖ ನೋಡಿ ಮಾತನಾಡುವ ವಿದ್ಯೆ ಸದ್ದಿಲ್ಲದೆ ಅಗ್ಗವಾಗುತ್ತಿತ್ತು. ಪಿಕ್ಚರ್‌ಫೋನಿನ ಒಂದು ಕರೆಗೆ ನೂರಕ್ಕೂ ಹೆಚ್ಚು ಸಾಮಾನ್ಯ ಕರೆಗಳ ಜಾಗ ಬೇಕಾಗುತ್ತಿತ್ತು. ಚಿತ್ರವನ್ನು ಕುಗ್ಗಿಸಿ ಕಳುಹಿಸುವ ದಾರಿ ಸಿಗದೆ ಅದು ಮನೆಮನೆಗೆ ಬರುವಂತಿರಲಿಲ್ಲ. ಆ ದಾರಿ ಹುಡುಕಿದವರಲ್ಲಿ ಮುಖ್ಯರೊಬ್ಬರು ನಮ್ಮ ಉತ್ತರ ಕನ್ನಡದ ಅಂಕೋಲೆಯಲ್ಲಿ ಹುಟ್ಟಿದ ಅರುಣ್ ನೇತ್ರಾವಳಿಯವರು. 1972ರಲ್ಲಿ ಬೆಲ್ ಲ್ಯಾಬ್ಸ್ ಸೇರಿದ ಅವರು ಮುಂದೆ ಅದರ ಅಧ್ಯಕ್ಷರೂ ಆದರು. 2001ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ನೀಡಿತು. ಅವರು ಮತ್ತು ಅವರ ಜೊತೆಗಾರರು ಬೆಳೆಸಿದ ವಿಚಾರವನ್ನು ಸರಳವಾಗಿ ಹೀಗೆ ಹೇಳಬಹುದು: ಚಿತ್ರವನ್ನು ಪ್ರತಿ ಕ್ಷಣವೂ ಇಡಿಯಾಗಿ ಕಳುಹಿಸಬೇಕಾಗಿಲ್ಲ, ಹಿಂದಿನ ಕ್ಷಣಕ್ಕೂ ಈ ಕ್ಷಣಕ್ಕೂ ನಡುವೆ ಏನು ಎಷ್ಟು ಸರಿಯಿತು ಎಂಬುದನ್ನಷ್ಟೇ ಕಳುಹಿಸಿದರೆ ಸಾಕು. ಆಂಟಿಯ ಹಿಂದಿನ ಗೋಡೆ, ಗೋಡೆಯ ಮೇಲಿನ ಕ್ಯಾಲೆಂಡರು ಕದಲುವುದಿಲ್ಲ. ಕದಲುವುದು ಅವರ ತುಟಿ ಮತ್ತು ಕೈ. ನಮ್ಮ ಮಕ್ಕಳು ಇಂದು ತೆರೆಯ ಮೇಲೆ ನೋಡುವ ಪ್ರತಿಯೊಂದು ಪಾಠದಲ್ಲೂ ಈ ಉಪಾಯ ಅಡಗಿದೆ. ಅಂಕೋಲೆಯಿಂದ ಮರ್ರೆ ಹಿಲ್‌ವರೆಗಿನ ಈ ನಂಟು ನಮ್ಮ ಸಮ್ಮೇಳನಗಳ ಭಾಷಣಗಳಲ್ಲಿ ಇನ್ನಷ್ಟು ಕೇಳಿಬರಬೇಕಾಗಿತ್ತು ಎಂಬುದು ನಮ್ಮ ಅಭಿಪ್ರಾಯ.

1992ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 'ಸಿ.ಯು.-ಸೀಮಿ' ಎಂಬ ತಂತ್ರಾಂಶ ತಯಾರಾಯಿತು. ಕಪ್ಪು ಬಿಳುಪಿನ ಪುಟ್ಟ ಚಿತ್ರ. ಆದರೆ ಸಾಮಾನ್ಯ ಕಂಪ್ಯೂಟರಿನಲ್ಲಿ ಹಲವರು ಒಟ್ಟಿಗೆ ಸೇರಬಹುದಿತ್ತು, ಕೆಲವು ಶಾಲೆಗಳು ಅದನ್ನು ಪಾಠಕ್ಕೂ ಬಳಸಿದವು. ನಮ್ಮ ಮನೆಗಳಿಗೆ ಬಂದದ್ದು 2003ರಲ್ಲಿ ಹುಟ್ಟಿದ ಸ್ಕೈಪ್. ಅದು ಬಂದದ್ದೇ ತಡ, ಭಾನುವಾರ ಬೆಳಗ್ಗೆ ಅಜ್ಜಿ ತಾತನ ದರ್ಶನ ಮನೆಯ ನೇಮವಾಯಿತು. ಸ್ಕೈಪ್ 2025ರ ಮೇ ತಿಂಗಳಲ್ಲಿ ಮುಚ್ಚಿದಾಗ ಹಳೆಯ ನೆಂಟರೊಬ್ಬರು ಊರು ಬಿಟ್ಟಂತಾಯಿತು. ಆದರೆ ಸ್ಕೈಪಿನಲ್ಲಿ ಮಾತುಕತೆ ನಡೆಯಿತೇ ಹೊರತು ತರಗತಿ ನಡೆಸುವ ಯೋಚನೆ ಹೆಚ್ಚಿನವರಿಗೆ ಬರಲಿಲ್ಲ. ಕಾರು ಇತ್ತು, ಹಾಲು ಇತ್ತು, ಹಾಗೇ ನಡೆದುಹೋಗುತ್ತಿತ್ತು.

2020ರ ಮಾರ್ಚ್. ಮೊದಲನೆಯ ತಾರೀಖು ನ್ಯೂಯಾರ್ಕಿನಲ್ಲಿ, ನಾಲ್ಕರಂದು ನ್ಯೂಜೆರ್ಸಿಯಲ್ಲಿ ಕೊರೋನಾ ಸೋಂಕು ಪತ್ತೆಯಾಯಿತು. 16ರಿಂದ ನ್ಯೂಯಾರ್ಕ್ ನಗರದ ಶಾಲೆಗಳು, 18ರಿಂದ ನ್ಯೂಜೆರ್ಸಿಯ ಶಾಲೆಗಳು ಮುಚ್ಚಿದವು. 25ರಂದು ಯುಗಾದಿ. ಹಾಲಿಗೆ ಕೊಟ್ಟ ಮುಂಗಡ, ಹೋಳಿಗೆಗೆ ಹೇಳಿದ ಆರ್ಡರು, ಮಕ್ಕಳು ಕಲಿತ ನೃತ್ಯ ಎಲ್ಲ ನಿಂತಲ್ಲೇ ನಿಂತವು. ಹುಟ್ಟಿದ ಸಂವತ್ಸರದ ಹೆಸರು ಶಾರ್ವರಿ. ಶಾರ್ವರಿ ಎಂದರೆ ಇರುಳು. ಪಂಚಾಂಗದವರು ಅರವತ್ತು ವರ್ಷ ಮೊದಲೇ ಇಟ್ಟಿದ್ದ ಹೆಸರು ಅಷ್ಟು ಸರಿಹೊಂದಬೇಕಿರಲಿಲ್ಲ. ಆ ಏಪ್ರಿಲ್‌ನಲ್ಲಿ ಇಡೀ ಅಮೆರಿಕದಲ್ಲೇ ನಮ್ಮ ಪ್ರದೇಶದಷ್ಟು ಸಾವು ಕಂಡ ಜಾಗ ಬೇರೆ ಇರಲಿಲ್ಲ. ಹಗಲೂ ರಾತ್ರಿ ಆಂಬ್ಯುಲೆನ್ಸಿನ ಸದ್ದು. ಭಾರತಕ್ಕೆ ವಿಮಾನಗಳು ಮಾರ್ಚ್ 23ರಿಂದ ನಿಂತುಹೋದವು. ಮಗಳ ಬಾಣಂತನಕ್ಕೆಂದು ಬಂದಿದ್ದ ಅಮ್ಮಂದಿರು ಇಲ್ಲೇ ಉಳಿದರು. ಅಲ್ಲಿ ತಂದೆ ತೀರಿಕೊಂಡ ಸುದ್ದಿ ಬಂದವರು ಅಂತ್ಯಕ್ರಿಯೆಯನ್ನು ಅಂಗೈಯಗಲದ ತೆರೆಯ ಮೇಲೆ ನೋಡಿದರು. ಆ ತೆರೆಗೆ ಅದಕ್ಕಿಂತ ಭಾರವಾದ ಕೆಲಸ ಇನ್ನೊಂದು ಬರಲಿಲ್ಲ.

ಅದೇ ತೆರೆಯ ಮೇಲೆ ಕನ್ನಡ ತರಗತಿಯೂ ಕಣ್ಣು ತೆರೆಯಿತು. 2011ರಲ್ಲಿ ಸ್ಥಾಪನೆಯಾದ ಜೂಮ್ ಕಂಪನಿಯ ಲೆಕ್ಕದಂತೆ 2019ರ ಡಿಸೆಂಬರಿನಲ್ಲಿ ದಿನಕ್ಕೆ ಒಂದು ಕೋಟಿಯಷ್ಟಿದ್ದ ಹಾಜರಿ 2020ರ ಏಪ್ರಿಲಿಗೆ ಮೂವತ್ತು ಕೋಟಿಗೆ ಏರಿತ್ತು. ಕರೆಯದೆ ನುಗ್ಗುವ ಕಿಡಿಗೇಡಿಗಳ ಕಾಟಕ್ಕೆ ಹೆದರಿ ನ್ಯೂಯಾರ್ಕ್ ನಗರದ ಶಿಕ್ಷಣ ಇಲಾಖೆ ಏಪ್ರಿಲಿನಲ್ಲಿ ಜೂಮ್ ಬಳಸಬಾರದೆಂದಿತು, ಮೇ ತಿಂಗಳಲ್ಲಿ ಮತ್ತೆ ಒಪ್ಪಿತು. ನಾವೂ ಬಾಗಿಲಿಗೆ ಒಬ್ಬ ಕಾವಲುಗಾರನನ್ನು ನೇಮಿಸಿಕೊಂಡೆವು: ಹೆಸರು ನೋಡಿ ಒಳಗೆ ಬಿಡುವ ಹೈಸ್ಕೂಲು ಹುಡುಗ. ಉಚಿತ ಬಳಕೆಗೆ ನಲವತ್ತು ನಿಮಿಷದ ಮಿತಿ. ಮೂವತ್ತೆಂಟನೆಯ ನಿಮಿಷಕ್ಕೆ ಮಕ್ಕಳ ಮುಖ ಅರಳುತ್ತಿದ್ದುದನ್ನು ಕಂಡು ಆಂಟಿಯರು ಎರಡನೆಯ ಕೊಂಡಿಯನ್ನು ಮೊದಲೇ ಕಳುಹಿಸಿಡುವುದನ್ನು ಕಲಿತರು.

ಕಲಿಸುವ ಕ್ರಮವೇ ಬದಲಾಗಬೇಕಾಯಿತು. ನಮ್ಮ ಪದ್ಧತಿಯಲ್ಲಿ ಮಗ್ಗಿಯಿರಲಿ ವರ್ಣಮಾಲೆಯಿರಲಿ, ಒಬ್ಬರು ಹೇಳಿಕೊಡುವುದು, ಎಲ್ಲರೂ ಒಕ್ಕೊರಲಿನಲ್ಲಿ ಹೇಳುವುದು. ಅದು ಜೂಮಿನಲ್ಲಿ ನಡೆಯಲಿಲ್ಲ. ಒಬ್ಬೊಬ್ಬರ ದನಿ ಒಂದೊಂದು ಅರೆಕ್ಷಣ ತಡವಾಗಿ ಬಂದು 'ಕ ಖ ಗ ಘ' ಸಂತೆಯ ಗದ್ದಲವಾಗುತ್ತಿತ್ತು. ಸಾಲದ್ದಕ್ಕೆ ಯಂತ್ರ ಗಟ್ಟಿ ದನಿಯೊಂದನ್ನು ಮುಂದೆ ಮಾಡಿ ಮಿಕ್ಕವರನ್ನು ಅಡಗಿಸುತ್ತಿತ್ತು. ಕೊನೆಗೆ ಎಲ್ಲರ ಮೈಕೂ ಮುಚ್ಚಿ, ತುಟಿ ಮಾತ್ರ ನೋಡಿ, ಒಬ್ಬೊಬ್ಬರನ್ನೇ ತೆರೆದು ಹೇಳಿಸುವುದಾಯಿತು. ಮಹಾಪ್ರಾಣಗಳ ಪಾಡಂತೂ ಕೇಳಬೇಡಿ. ಗದ್ದಲ ಸೋಸುವ ಯಂತ್ರ ಉಸಿರನ್ನೂ ಗದ್ದಲವೆಂದೇ ಬಗೆದು ಸೋಸುವುದುಂಟು. 'ಘಂಟೆ' ಹೊರಟು 'ಗಂಟೆ'ಯಾಗಿ ತಲುಪುತ್ತಿತ್ತು. ಬೆಂಗಳೂರಿನಲ್ಲೇ ಹಾಗೆನ್ನುವವರು ಬೇಕಾದಷ್ಟಿದ್ದಾರೆ ಎಂದು ಒಬ್ಬರು ಸಮಾಧಾನ ಹೇಳಿದರು. ಆದರೆ ಲ-ಳ, ನ-ಣಗಳ ಭೇದ ತಿಳಿಯದೆ 'ಹಳ್ಳಿ' 'ಹಲ್ಲಿ'ಯಾದಾಗ ಸಮಾಧಾನಕ್ಕೆ ಅವಕಾಶವಿರಲಿಲ್ಲ. ನಾಲಗೆ ಹಿಂದಕ್ಕೆ ಮಡಿಯುವುದನ್ನು ಕ್ಯಾಮೆರಾಕ್ಕೆ ಬಾಯಿ ತೆರೆದು ತೋರಿಸಿದ ತಾಯಂದಿರಿಗೆ ನಮ್ಮ ನಮಸ್ಕಾರ.

ಇನ್ನೊಂದು ವಿಚಿತ್ರ. ಸ್ಲೇಟಿನ ಮೇಲೆ 'ತ' ಬರೆದು ಹಿಡಿದ ಮಗು ತನ್ನ ತೆರೆಯಲ್ಲಿ ಅದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ನೋಡುತ್ತಿತ್ತು. ಆಂಟಿಗೆ ನೇರವಾಗಿಯೇ ಕಾಣುತ್ತಿತ್ತು. 'ಸರಿಯಾಗಿದೆ ಪುಟ್ಟ' ಎಂದರೂ ಮಗು ಅಳಿಸಿ ಉಲ್ಟಾ ಬರೆಯುತ್ತಿತ್ತು. ಕಾರಣ ತಿಳಿದು, ಅದನ್ನು ತಪ್ಪಿಸುವ ಗುಂಡಿ ಎಲ್ಲಿದೆಯೆಂದು ಹುಡುಕುವಷ್ಟರಲ್ಲಿ ಕಾಗುಣಿತ ಮುಗಿದಿತ್ತು. ಫೋನನ್ನು ಪುಸ್ತಕಗಳ ರಾಶಿಯ ಮೇಲೆ ಮಲಗಿಸಿ ಕ್ಯಾಮೆರಾವನ್ನು ಕೆಳಗಿನ ಹಾಳೆಯತ್ತ ತಿರುಗಿಸಿದ ಮೇಲೆ ಬರವಣಿಗೆ ಸುಧಾರಿಸಿತು. ಅಕ್ಷರದ ತಿರುವು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂಬುದು ಹಾಲಿನ ಕರಿಹಲಗೆಗಿಂತ ಇಲ್ಲಿ ಸ್ಪಷ್ಟವಾಗಿ ಕಂಡಿತು. ಓದು ಬರಹ ಈ ಬಗೆಯಲ್ಲಿ ಚೆನ್ನಾಗಿ ಬರುತ್ತದೆಂದು ಈಗ ಧೈರ್ಯವಾಗಿ ಹೇಳಬಲ್ಲೆವು. ಆದರೆ ಮಾತು? ಮಕ್ಕಳು ಕನ್ನಡ ಮಾತನಾಡಿದ್ದು ಎಂದೂ ಪಾಠದ ಹೊತ್ತಿನಲ್ಲಲ್ಲ. ಪಾಠ ಮುಗಿದು ಚಕ್ಕುಲಿ ಡಬ್ಬಿ ತೆರೆದಾಗ. 'ನಂಗೊಂದು ಕೊಡೇ' ಎನ್ನುವ ವ್ಯಾಕರಣಕ್ಕೆ ತೆರೆಯ ಮೇಲೆ ಜಾಗವಿಲ್ಲ.

ಆ ಜಾಗವನ್ನು ಒಂದಿಷ್ಟು ತುಂಬಿದವರು ಅಜ್ಜಿಯರು. ತರಗತಿ ತೆರೆಗೆ ಬಂದ ಮೇಲೆ ಮೈಸೂರು, ಧಾರವಾಡ, ಕುಂದಾಪುರಗಳ ಅಜ್ಜಿ ತಾತಂದಿರು ಮೊಮ್ಮಕ್ಕಳ ಜೊತೆ ಸುಮ್ಮನೆ ಬಂದು ಕೂರತೊಡಗಿದರು. ಕೆಲವರು ನಿವೃತ್ತ ಶಿಕ್ಷಕರು. ನಾಲ್ಕನೆಯ ವಾರಕ್ಕೆ ಪಾಠ ಅವರ ಕೈಗೇ ಹೋಯಿತು. ಮಕ್ಕಳು ಧಾರವಾಡದ 'ಹೌದ್ರೀ', ಕುಂದಾಪುರದ ಮಾತಿನ ಗತ್ತು ಎರಡನ್ನೂ ಒಂದೇ ಬೆಳಗ್ಗೆ ಕೇಳಿದರು. ಬೇಸ್‌ಮೆಂಟಿನ ಕಾಲದಲ್ಲಿ ಕನ್ನಡವೆಂದರೆ ಅಮ್ಮನ ಕನ್ನಡವೊಂದೇ ಆಗಿತ್ತು. ತೊಡಕು ಗಡಿಯಾರದ್ದು. ಇಲ್ಲಿನ ಶನಿವಾರ ಬೆಳಗಿನ ಹತ್ತು ಅಲ್ಲಿ ಬೇಸಿಗೆಯಲ್ಲಿ ಸಂಜೆ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ. ನವೆಂಬರಿನಲ್ಲಿ ನಮ್ಮ ಗಡಿಯಾರ ಹಿಂದೆ ಹೋದದ್ದು ತಿಳಿಯದೆ ಅಜ್ಜಿ ಒಂದು ಗಂಟೆ ಮೊದಲೇ ಸೀರೆಯುಟ್ಟು ಕಾದಿರುತ್ತಿದ್ದರು. ಮಾರ್ಚಿನಲ್ಲಿ ಅವರು ಬರುವ ಹೊತ್ತಿಗೆ ತರಗತಿ ಮುಗಿದಿರುತ್ತಿತ್ತು.

ನಮಗೆ ಸಿಕ್ಕ ಸೌಕರ್ಯ ತಾಯ್ನಾಡಿನ ಎಲ್ಲ ಮಕ್ಕಳಿಗೂ ಸಿಗಲಿಲ್ಲವೆಂಬುದನ್ನೂ ಇಲ್ಲಿ ಬರೆಯಬೇಕು. 2020ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡವೆಂದಿತು; ಜುಲೈನಲ್ಲಿ ಹೈಕೋರ್ಟು ಅದಕ್ಕೆ ತಡೆಯಾಜ್ಞೆ ನೀಡಿತು. ಸರ್ಕಾರಿ ಶಾಲೆಗಳ ಮಕ್ಕಳಿಗಾಗಿ ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ರಸ್ತೆ ಬದಿಯಲ್ಲಿ ಫೋನು ಹಿಡಿದು ಪಾಠ ಕೇಳುತ್ತ ಕುಳಿತ ಮಗಳಿಗೆ ತಂದೆಯೊಬ್ಬರು ಕೊಡೆ ಹಿಡಿದು ನಿಂತ ಚಿತ್ರ ಪತ್ರಿಕೆಗಳಲ್ಲಿ ಬಂತು. ಮನೆಯಲ್ಲಿ ಸಿಗ್ನಲ್ ಇರಲಿಲ್ಲ. ಆ ಚಿತ್ರವನ್ನು ನಮ್ಮ ತರಗತಿಯಲ್ಲಿ ತೋರಿಸಿದಾಗ, ಕ್ಯಾಮೆರಾ ಮುಚ್ಚಿಕೊಂಡು ಆಟವಾಡುತ್ತಿದ್ದವರು ಕೂಡ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಶಾರ್ವರಿ ಕಳೆದು ಬಂದದ್ದು ಪ್ಲವ, ಎಂದರೆ ದೋಣಿ. ಲಸಿಕೆಗಳು ಬಂದು, ಹಾಲುಗಳು ತೆರೆದು, ಹಬ್ಬಗಳು ಮರಳಿದವು. ಆಗ ಎದ್ದ ಪ್ರಶ್ನೆ ಇನ್ನೂ ಕೂಟದ ಸಭೆಗಳಲ್ಲಿ ಏಳುತ್ತಲೇ ಇದೆ: ತರಗತಿ ಎಲ್ಲಿ? ಹಾಲೇ ಬೇಕೆನ್ನುವವರ ಮಾತಿನಲ್ಲಿ ಹುರುಳಿದೆ. ಗೆಳೆಯರಿಲ್ಲದ ಭಾಷೆ ಹೋಮ್‌ವರ್ಕಾಗಿ ಉಳಿಯುತ್ತದೆ. ದಿನವಿಡೀ ತೆರೆ ನೋಡುವ ಮಗುವಿಗೆ ಇನ್ನೊಂದು ಗಂಟೆ ತೆರೆಯೇ ಎಂದು ಕೇಳುವವರೂ ಇದ್ದಾರೆ. ಆದರೆ ಸುತ್ತಮುತ್ತ ಒಂದು ಕನ್ನಡ ಮನೆಯೂ ಇಲ್ಲದ ಊರುಗಳಿಂದ, ಪೊಕೊನೊ ಬೆಟ್ಟಗಳ ಕಡೆಯಿಂದ, ಹಡ್ಸನ್ನಿನ ಮೇಲ್ಕಣಿವೆಯಿಂದ ಸೇರಿದ ಮಕ್ಕಳನ್ನು ಮತ್ತೆ ಬಿಟ್ಟುಬಿಡುವುದು ಹೇಗೆ? ನ್ಯೂಯಾರ್ಕಿನಲ್ಲೂ, 2016ರ ಕಾನೂನಿನ ಬಳಿಕ ನ್ಯೂಜೆರ್ಸಿಯಲ್ಲೂ, ಎರಡು ಭಾಷೆ ಬಲ್ಲ ಹೈಸ್ಕೂಲು ಮಕ್ಕಳ ಪ್ರಮಾಣಪತ್ರದ ಮೇಲೆ ಅದಕ್ಕೆಂದೇ ಮುದ್ರೆ ಬೀಳುತ್ತದೆ. ಹನ್ನೆರಡಕ್ಕೆ ಜಾರುತ್ತಿದ್ದ ಮಕ್ಕಳು ಹದಿನಾರರವರೆಗೂ ನಿಲ್ಲಲು ಇಂಥದೊಂದು ಆಸೆಯೂ ನೆರವಾದೀತು. ಅವರ ಬಿಡುವಾದರೋ ವಾರದ ನಡುವೆ ರಾತ್ರಿ ಎಂಟಕ್ಕೆ. ಆ ಹೊತ್ತಿನಲ್ಲಿ ತೆರೆದಿರುವ ಹಾಲು ನಮಗೆ ಸಿಕ್ಕಿಲ್ಲ.

ಸದ್ಯಕ್ಕೆ ಓದು ಬರಹ ತೆರೆಯ ಮೇಲೆ, ತಿಂಗಳಿಗೊಂದು ಶನಿವಾರ ಎಲ್ಲರೂ ಒಂದೆಡೆ ಎಂದು ಇಟ್ಟುಕೊಂಡಿದ್ದೇವೆ. ಆ ಶನಿವಾರ ಪುಸ್ತಕ ತೆರೆಯುವುದಿಲ್ಲ. ಕುಂಟೆಬಿಲ್ಲೆ, ಅಂತ್ಯಾಕ್ಷರಿ, ಚಕ್ಕುಲಿ. ಅಜ್ಜಿಯರು ಹಾಲಿಗೆ ಬರಲಾರರು. ಆದ್ದರಿಂದ ಮೂಲೆಯ ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್ ತೆರೆದಿಟ್ಟಿರುತ್ತದೆ. ಮಕ್ಕಳು ಒಬ್ಬೊಬ್ಬರಾಗಿ ಹೋಗಿ ಐದೈದು ನಿಮಿಷ ಮಾತನಾಡಿ ಬರುತ್ತಾರೆ, ತಮ್ಮ ಅಜ್ಜಿಯೇ ಆಗಬೇಕೆಂದಿಲ್ಲ. ಹೋದ ಬಾರಿ ಆ ಮೇಜಿನ ಎದುರಿನ ಸಾಲು ಚಕ್ಕುಲಿಯ ಸಾಲಿಗಿಂತ ಉದ್ದವಿತ್ತು. ಅಲ್ಲಿ ಅಂಕೋಲೆಯ ಅಜ್ಜಿಯೊಬ್ಬರು ಭೂತದ ಕಥೆ ಹೇಳುತ್ತಿದ್ದರಂತೆ.